ಎಕ್ಸ್‌ರೇಗೆ ಬರೆಯುವ ಮೊದಲು ಕಾಲು ಮುಟ್ಟಿ ನೋಡಿ

ಬೆಳಗಾವಿಯ ಆರ್ಥೋ (ಎಲುಬು, ಕೀಲು) ವಾರ್ಡಿನಲ್ಲಿ ಆರು ವರ್ಷ ನರ್ಸ್ ಆಗಿ ದುಡಿದು ಅಮೆರಿಕಕ್ಕೆ ಬಂದವಳು ನಾನು. ಪ್ಲಾಸ್ಟರ್, ಟ್ರ್ಯಾಕ್ಷನ್ (ತೂಕ ಕಟ್ಟಿ ಎಲುಬು ಎಳೆದಿಡುವುದು) ಎಲ್ಲ ಕೈಗೆ ಹತ್ತಿತ್ತು. ಹಾಗಾಗಿ ನರ್ಸ್ ಪ್ರಾಕ್ಟೀಷನರ್ (ರೋಗಿಯನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ನರ್ಸ್) ಕೋರ್ಸಿನಲ್ಲಿ ಎಲುಬು, ಕೀಲುಗಳ ಪಾಠವನ್ನು ನಾನು ಓದಲೇ ಇಲ್ಲ. ಅದರಲ್ಲೇ ಫೇಲಾದೆ. ಮತ್ತೆ ಫೀ ಕಟ್ಟಿದೆ, ಒಂದು ಸೆಮಿಸ್ಟರ್ ಹೋಯಿತು. ಈ ವರ್ಷ ವಿಜಯಪುರದ ಹುಡುಗಿಯೊಬ್ಬಳು, ಜಮಖಂಡಿಯ ಹುಡುಗನೊಬ್ಬ ಅದೇ ತಪ್ಪು ಮಾಡಿದರು. ಅದಕ್ಕೇ ಈ ಕೋರ್ಸಿಗೆ ಬರುವ ನಮ್ಮ ಕಡೆಯ ನರ್ಸ್‌ಗಳಿಗೆ ಬರೆಯುತ್ತಿದ್ದೇನೆ.

ಇಲ್ಲಿ ಪರೀಕ್ಷೆಗೆ ರೋಗಿಯ ಪಾತ್ರ ಮಾಡುವವರನ್ನು ಕೂರಿಸುತ್ತಾರೆ. ನನಗೆ ಬಂದಾಕೆ "ಮೆಟ್ಟಿಲ ಮೇಲೆ ಕಾಲು ಉಳುಕಿತು" ಅಂದಳು. ನಾನು ನೋವು ಅಂದ ಕಾಲನ್ನೇ ಮೊದಲು ಹಿಡಿದೆ, "ಎಕ್ಸ್‌ರೇ ಮಾಡಿಸೋಣ" ಅಂದೆ. ಟೀಚರ್ "ಯಾಕೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ವಾರ್ಡಿಗೆ ರೋಗಿ ಬರುವಾಗ ಕೈಯಲ್ಲಿ ಫಿಲ್ಮ್ ಇರುತ್ತಿತ್ತು. ಯಾಕೆ ಅಂತ ನರ್ಸನ್ನು ಯಾರೂ ಕೇಳುತ್ತಿರಲಿಲ್ಲ, ಅಲ್ವಾ?

ಉತ್ತರ ಇರುವುದು ಒಟ್ಟಾವಾ ನಿಯಮದಲ್ಲಿ. ಉಳುಕಿದ ಕಾಲಿಗೆ ಎಕ್ಸ್‌ರೇ ಬೇಕೋ ಬೇಡವೋ ಅಂತ ತೀರ್ಮಾನಿಸಲು 1992ರಲ್ಲಿ ಕೆನಡಾದಲ್ಲಿ ರೂಪಿಸಿದ್ದು. ಕಾಲಿನ ಗಿಣ್ಣಿನ ಒಳಗಡೆ, ಹೊರಗಡೆ ಎರಡು ಉಬ್ಬು ಎಲುಬುಗಳಿವೆಯಲ್ಲ, ಅವುಗಳ ತುದಿಯನ್ನು ಒತ್ತಿ. ಆಮೇಲೆ ಹಿಂಬದಿಯ ಅಂಚಿನಲ್ಲಿ 6 ಸೆಂಟಿಮೀಟರ್ ಮೇಲಿನವರೆಗೆ ಒತ್ತುತ್ತಾ ಹೋಗಿ. ಎಲುಬಿನ ಮೇಲೇ ನೋವಿದ್ದರೆ ಎಕ್ಸ್‌ರೇ. ಬಿದ್ದ ತಕ್ಷಣವೂ, ನಿಮ್ಮ ಮುಂದೆಯೂ 4 ಹೆಜ್ಜೆ ಇಡಲು ಆಗದಿದ್ದರೂ ಎಕ್ಸ್‌ರೇ. ಕುಂಟುತ್ತಾ ಇಟ್ಟರೂ ಅದು ಹೆಜ್ಜೆಯೇ. ಪಾದದ ನಡುಭಾಗ ನೋಯುತ್ತಿದ್ದರೆ ಕಿರುಬೆರಳಿನ ಸಾಲಿನ ಎಲುಬಿನ ಬುಡವನ್ನೂ, ಪಾದದ ಒಳಬದಿಯ ನೆವಿಕ್ಯುಲರ್ ಅನ್ನುವ ಚಿಕ್ಕ ಎಲುಬನ್ನೂ ಒತ್ತಿ ನೋಡಿ. ಕುಡಿದವರಲ್ಲಿ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಲ್ಲಿ ಈ ನಿಯಮ ನಂಬಬೇಡಿ. ಅವರಿಗೆ ನೋವೇ ಸರಿಯಾಗಿ ಗೊತ್ತಾಗುವುದಿಲ್ಲ. ಮೊಣಕಾಲ ಕೆಳಗೆ ಹೊರಬದಿಯ ಎಲುಬನ್ನೂ ಒತ್ತಿ. ಗಿಣ್ಣು ತಿರುಚಿದಾಗ ಮುರಿತ ಅಲ್ಲಿ ಅಡಗಿರಬಹುದು. ನಾನು ಅಲ್ಲಿಗೆ ಕೈಯನ್ನೇ ಹಾಕಿರಲಿಲ್ಲ.

ಉಳಿದ ಕ್ರಮ ಸುಲಭ. ಮೊದಲು ನೋಡಿ, ಆಮೇಲೆ ಮುಟ್ಟಿ, ಆಮೇಲೆ ಅಲುಗಿಸಿ. ನೋವಿಲ್ಲದ ಕಡೆಯಿಂದ ಶುರು ಮಾಡಿ. ರೋಗಿ ತಾನೇ ಅಲುಗಿಸಿದ ಮೇಲೆ ನೀವು ಅಲುಗಿಸಿ. ಸ್ನಾಯುಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡಿ. ನೋಡದೆ ಇದ್ದದ್ದನ್ನು ಚಾರ್ಟಿನಲ್ಲಿ ಸುಮ್ನೆ "ನಾರ್ಮಲ್" ಅಂತ ಬರೆಯಲೇಬೇಡಿ.

ಸೊಂಟನೋವಿನಲ್ಲಿ ನಮ್ಮವರು ಒಂದು ಪ್ರಶ್ನೆ ನುಂಗಿಬಿಡುತ್ತಾರೆ. ಮೂತ್ರ ಕಟ್ಟಿದೆಯಾ, ಕೂರುವ ಜಾಗ, ತೊಡೆಸಂದಿ ಮರಗಟ್ಟಿದೆಯಾ? ನಾಚಿಕೆ ಬಿಟ್ಟು ಕೇಳಿ. ಹೌದು ಅಂದರೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ತಡವಾದರೆ ಕಾಲಿನ ಬಲ, ಮೂತ್ರದ ಹಿಡಿತ ಎರಡೂ ಹೋಗಬಹುದು. ಇಂಥ ಅಪಾಯದ ಗುರುತು ಒಂದೂ ಇಲ್ಲದ ಹೊಸ ನೋವಿಗೆ ಇಲ್ಲಿ ಸಾಮಾನ್ಯವಾಗಿ ಮೊದಲ 6 ವಾರ ಸ್ಕ್ಯಾನ್ ಮಾಡಿಸುವುದಿಲ್ಲ.

ಯಾವ ಪದ್ಧತಿ ಚೆನ್ನ? ರೋಗಿಗಳನ್ನು ನೋಡಿದ ಅನುಭವ ನಮ್ಮ ಕಡೆಯೇ ಜಾಸ್ತಿ. ಇಲ್ಲಿ ಸಹಪಾಠಿಗಳು ಪುಸ್ತಕದಲ್ಲಿ ಓದಿದ್ದನ್ನು ನಾನು ನೂರಾರು ಕಾಲುಗಳಲ್ಲಿ ಕಂಡಿದ್ದೆ. ಆದರೆ ನರ್ಸಿನ ಕೈಗೆ ಸಿಕ್ಕಿದ್ದನ್ನು ಕಾರಣ ಸಮೇತ ಕೇಳಿ, ಅದರ ಮೇಲೆ ಚಿಕಿತ್ಸೆ ಮಾಡುವುದು ಇಲ್ಲಿ. ಈ ವಿಷಯದಲ್ಲಿ ಅಮೆರಿಕವೇ ಮುಂದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ರಜೆಗೆ ಊರಿಗೆ ಹೋದಾಗ ಮನೆಯವರ ಮೇಲೆ ಅಭ್ಯಾಸ ಮಾಡಿ. ಇಳಕಲ್ಲಿನಲ್ಲಿ ನಮ್ಮ ಚಿಗವ್ವ ದಿನಾ ಜೋಳದ ರೊಟ್ಟಿ ಬಡಿದು ಮಣಿಕಟ್ಟು ನೋವು ಅನ್ನುತ್ತಿದ್ದಳು. ಮೊದಲು ಚೆನ್ನಾಗಿರುವ ಕೈ ನೋಡಿದೆ. ಆಮೇಲೆ ನೋವಿನ ಕೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಡಿಸಿ, ಕೈಯನ್ನು ಕಿರುಬೆರಳಿನ ಕಡೆ ಮೆಲ್ಲಗೆ ಬಾಗಿಸಿದೆ. "ಯವ್ವಾ, ಅಲ್ಲೇ ನೋಡ!" ಅಂದಳು. ಹೆಬ್ಬೆರಳಿನ ಸ್ನಾಯುರಜ್ಜು ಊದಿದೆ ಅನ್ನಿಸಿತು. ಬಾಗಲಕೋಟೆಯ ಡಾಕ್ಟರೂ ಅದನ್ನೇ ಹೇಳಿ, ಬೆರಳು ಅಲುಗದಂತೆ ಪಟ್ಟಿ ಕಟ್ಟಿ ಕಳಿಸಿದರು.