ಗ್ಲೋ ಎಂಜಿನ್: ಪಿಸ್ಟನ್ ಬಿಗಿ ಎಂದು ಉಜ್ಜುವ ಮುನ್ನ

ಮಾದರಿ ವಿಮಾನದ ಹೊಸ ಗ್ಲೋ ಎಂಜಿನ್, ಅಂದರೆ ಕಿಡಿಯ ಬದಲು ಕಾದ ತಂತಿಯ ಪ್ಲಗ್ಗಿನಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್, ಕೈಗೆ ಬಂದಾಗ ಪ್ರೊಪೆಲ್ಲರ್ ತಿರುಗಿಸಿ ನೋಡುವುದು ಎಲ್ಲರ ಚಪಲ. ಪಿಸ್ಟನ್ ಮೇಲಿನ ತುದಿಯಲ್ಲಿ ಕಚ್ಚಿಕೊಂಡು ಕಿರ್ರೆಂದರೆ ಕೆಲವರು ಎಮರಿ ಕಾಗದ ಹುಡುಕುತ್ತಾರೆ. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿದಂತೆ.

ಮೊದಲು ಎಂಜಿನ್ ಯಾವ ಬಗೆಯದು ಎಂದು ಕೈಪಿಡಿಯಲ್ಲಿ ನೋಡಿ. ‘ಎಬಿಸಿ’ ಎಂದಿದ್ದರೆ ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ಲೈನರ್ (ಪಿಸ್ಟನ್ ಏರಿಳಿಯುವ ಕೊಳವೆ), ಲೈನರಿನ ಒಳಮೈಗೆ ಕ್ರೋಮಿಯಂ ಲೇಪ. ಇದರ ಪಿಸ್ಟನ್ನಿಗೆ ಸಂದು ಮುಚ್ಚುವ ಬಳೆ, ಅಂದರೆ ರಿಂಗ್, ಇರುವುದಿಲ್ಲ. ಲೈನರಿನ ಒಳವ್ಯಾಸ ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಇಂಧನ ಉರಿಯುವುದು ಮೇಲ್ಭಾಗದಲ್ಲಿ. ಆ ಕಾವಿಗೆ ಹಿತ್ತಾಳೆ ಅಲ್ಲಿಯೇ ಹೆಚ್ಚು ಹಿಗ್ಗುತ್ತದೆ. ಸಿಲಿಕಾನ್ ಹೆಚ್ಚಿರುವ ಮಿಶ್ರಲೋಹದ ಪಿಸ್ಟನ್ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಎಂಜಿನ್ ಕಾದಾಗ ಬಿಗಿ ತಾನೇ ಬಿಡುತ್ತದೆ. ರಿಂಗ್ ಇರುವ ಎಂಜಿನ್ ಹೀಗೆ ಕಚ್ಚಬಾರದು. ಕಚ್ಚಿದರೆ ತುಕ್ಕನ್ನೋ ಇಂಧನದಲ್ಲಿದ್ದು ಗಟ್ಟಿಯಾದ ಹರಳೆಣ್ಣೆಯನ್ನೋ ಶಂಕಿಸಿ.

ಹಳೆಯ ಎಬಿಸಿ ಎಂಜಿನ್ನನ್ನು ಪರೀಕ್ಷಿಸಬೇಕೇ? ಗ್ಲೋ ಪ್ಲಗ್, ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ), ಹಿಂಬದಿಯ ಮುಚ್ಚಳ ಬಿಚ್ಚಿ ಲೈನರ್ ಮತ್ತು ಪಿಸ್ಟನ್ ಹೊರತೆಗೆಯಿರಿ. ಪಿಸ್ಟನ್ ಮತ್ತು ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಯಾವ ದಿಕ್ಕಿಗೆ ಕೂತಿದ್ದವು ಎಂದು ಮೊದಲೇ ಚಿತ್ರ ತೆಗೆದಿಡಿ. ‘ನೆನಪಿರುತ್ತದೆ’ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ. ಲೈನರ್, ಪಿಸ್ಟನ್ ಎರಡನ್ನೂ ಚೊಕ್ಕ ಒರೆಸಿ, ಪಿಸ್ಟನ್ನನ್ನು ಲೈನರಿನ ಕೆಳಗಿನಿಂದ ಬೆರಳಲ್ಲಿ ಮೆಲ್ಲಗೆ ತಳ್ಳಿ. ಮೊದಲು ಸರಾಗವಾಗಿ ಏರಿ, ಅಂಚು ಮುಟ್ಟುವ ಮುನ್ನ ನಿಲ್ಲಬೇಕು. ತಡೆಯೇ ಇಲ್ಲದೆ ಮೇಲಿನಿಂದ ಹೊರಬಂದರೆ ಸವೆದಿದೆ. ಲೇಪ ಸಿಪ್ಪೆಯೆದ್ದಿದ್ದರೂ ಉದ್ದನೆಯ ಗೀರುಗಳಿದ್ದರೂ ಜೋಡಿಯನ್ನೇ ಬದಲಿಸಿ. ಒಂದು ಎಂಜಿನ್ನಿನ ಪಿಸ್ಟನ್, ಇನ್ನೊಂದರ ಲೈನರ್ ಎಂಬ ಕೂಡಾವಳಿ ಬೇಡ. ಮರುಜೋಡಿಸುವಾಗ ಎಣ್ಣೆ ಸವರಿ, ಹೆಡ್ಡಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ.

ಹೊಸ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡುವ ಮುನ್ನ, ಇಂಧನ ತುಂಬುವುದಕ್ಕೆ ಮೊದಲೇ, ಹೇರ್ ಡ್ರೈಯರಿನಿಂದ ಸಿಲಿಂಡರನ್ನು ಬೆಚ್ಚಗೆ ಮಾಡಿ. ಬಳಿಕ ಒಂದೆರಡು ನಿಮಿಷ ಓಡಿಸಿ, ಪೂರ್ತಿ ತಣಿಯಲು ಬಿಡಿ. ಹೀಗೆ ಹಲವು ಬಾರಿ. ‘ಹೊಸದಲ್ಲವೇ, ಇಂಧನ ಧಾರಾಳವಾಗಿರಲಿ’ ಎಂಬ ಉಪದೇಶ ರಿಂಗ್ ಎಂಜಿನ್ನಿಗೆ ಸರಿ. ಎಬಿಸಿಯಲ್ಲಿ ಇಂಧನ ಅತಿಯಾದರೆ ಸಿಲಿಂಡರ್ ಕಾಯುವುದೇ ಇಲ್ಲ. ಪಿಸ್ಟನ್ ಪ್ರತಿ ಸುತ್ತಿಗೂ ಬಿಗಿಯನ್ನು ಗುದ್ದಿ, ಕನೆಕ್ಟಿಂಗ್ ರಾಡ್ ನಲುಗುತ್ತದೆ. ಆದ್ದರಿಂದ ಇಂಧನ ತುಸುವೇ ಹೆಚ್ಚಿರಲಿ, ಎಂಜಿನ್ ಬಿಸಿಯಾಗಲಿ.

ನಿಜವಾದ ಪರೀಕ್ಷೆ ಎಂಜಿನ್ ಬಿಸಿಯಿರುವಾಗಲೇ. ಇಂಧನ ನಿಲ್ಲಿಸಿ ಎಂಜಿನ್ ಆರಿಸಿ, ಪ್ಲಗ್ಗಿನ ಬ್ಯಾಟರಿ ತೆಗೆದು, ದಪ್ಪ ಕೈಗವಸು ಹಾಕಿಕೊಂಡು ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿ. ಬ್ಯಾಟರಿಯಿಲ್ಲದೆಯೂ ಬಿಸಿ ಎಂಜಿನ್ ಹೊತ್ತಿಕೊಳ್ಳಬಹುದು, ಎಚ್ಚರ. ಒತ್ತಡ ಸ್ಪ್ರಿಂಗಿನಂತೆ ಪುಟಿದರೆ ಜೋಡಿ ಗಟ್ಟಿ. ತಣ್ಣಗಿದ್ದಾಗ ಬಿಗಿಯಾಗಿದ್ದು ಬಿಸಿಯಾದಾಗ ಪುಸ್ಸೆಂದರೆ ಹೆಡ್ ಮತ್ತು ಪ್ಲಗ್ಗಿನ ಸುತ್ತ ಎಣ್ಣೆ ಹನಿಸಿ ಗುಳ್ಳೆ ಏಳುತ್ತದೆಯೇ ನೋಡಿ. ಎದ್ದರೆ ಸೋರಿಕೆ ಅಲ್ಲಿಯೇ. ಗುಳ್ಳೆಯೂ ಇಲ್ಲದಿದ್ದರೆ ಹೊಸ ಜೋಡಿ ತರಿಸುವ ಕಾಲ ಬಂದಿದೆ.

ಎತ್ತಿಡುವಾಗ ಪಿಸ್ಟನ್ ಕೆಳತುದಿಯಲ್ಲಿರಲಿ. ಮೇಲೆ ನಿಂತು ತಣಿದರೆ ಲೈನರ್ ಕುಗ್ಗಿ ಅದನ್ನು ಹಿಡಿದುಕೊಳ್ಳುತ್ತದೆ. ಮರುದಿನ ಬಿಡಿಸಲು ಮತ್ತೆ ಹೇರ್ ಡ್ರೈಯರೇ ಗತಿ.