ಭತ್ತದ ಟ್ರೇಲರ್‌ಗಳಿಗೆ ರೇಡಿಯೊ ಕಟ್ಟಿದ ನನ್ನ ಅನುಭವ

ಗಂಗಾವತಿಯಿಂದ ಶ್ರೀರಾಮನಗರ, ಕಾರಟಗಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಸುಗ್ಗಿಯ ರಾತ್ರಿ ಲಾರಿ ಓಡಿಸಿದವರಿಗೆ ಹಿಂದೀಪವಿಲ್ಲದ ಟ್ರೇಲರ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಇಪ್ಪತ್ತು ವರ್ಷಗಳಿಂದ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿರುವ ನಾನೇ ನೂರಾರು ಟ್ರೇಲರ್‌ಗಳಿಗೆ ಹಿಂದೀಪ ಹಾಕಿಕೊಟ್ಟಿದ್ದೇನೆ. ಎರಡು ಲೋಡ್ ಆಗುವಷ್ಟರಲ್ಲಿ ಅವು ಒಡೆದಿರುತ್ತವೆ, ಇಲ್ಲವೇ ಇಳಿಬಿದ್ದ ತಾಡಪತ್ರಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ದೀಪ ಬೇಡವೆಂದು ನಾನು ಎಂದೂ ಹೇಳುವುದಿಲ್ಲ, ಆದರೆ ದೀಪವೊಂದನ್ನೇ ನಂಬಿ ಕೂರಲು ನನ್ನಿಂದ ಆಗಲಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ತುಂಬಿದ ಲಾರಿ ನಿಲ್ಲಲು, ಚಾಲಕನ ಕಾಲು ಬ್ರೇಕಿಗೆ ಹೋಗುವ ಹೊತ್ತನ್ನೂ ಸೇರಿಸಿದರೆ, 60 ಮೀಟರ್ ಆದರೂ ಬೇಕು. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆಯುವಾಗ ಅಷ್ಟು ದೂರ ಕಾಣುವುದೇ ಇಲ್ಲ.

ಮೊದಲು ನಾನು ಎಲ್ಲರಂತೆ ಸಿಮ್ ಕಾರ್ಡಿನ ಹಿಂದೆ ಬಿದ್ದೆ. ಟ್ರ್ಯಾಕ್ಟರ್ ತನ್ನ ಸ್ಥಾನವನ್ನು ಸರ್ವರಿಗೆ ಕಳಿಸಬೇಕು, ಅಲ್ಲಿಂದ ಲಾರಿಗೆ ಎಚ್ಚರಿಕೆ ಬರಬೇಕು. ಸಂದೇಶ ತಲುಪಲು ಒಮ್ಮೆ ಒಂದು ಸೆಕೆಂಡು, ಇನ್ನೊಮ್ಮೆ ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಕಾಲುವೆ ಬದಿಯ ಗದ್ದೆಗಳ ನಡುವೆ ಸಿಗ್ನಲ್ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಮೇಲಾಗಿ ವರ್ಷದಲ್ಲಿ ಎರಡು ಸುಗ್ಗಿಯಲ್ಲಿ ಮಾತ್ರ ಓಡುವ ಟ್ರೇಲರಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವವರು ಯಾರು? ಆ ಸುಗ್ಗಿಯಲ್ಲಿ ಕೈಬಿಟ್ಟ ಹಣ ಸುಮಾರು 70 ಸಾವಿರ. ಹೊರದೇಶಗಳ ಪದ್ಧತಿಯಲ್ಲಿ ವಾಹನಗಳು 5.9 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 10 ಬಾರಿ ಪರಸ್ಪರ ಮಾತಾಡಿಕೊಳ್ಳುತ್ತವೆ. ಆ ಸಲಕರಣೆಯ ಬೆಲೆ ಕೇಳಿ ಸುಮ್ಮನಾದೆ.

ನಮ್ಮ ಟ್ರೇಲರ್ ಓಡುವುದೇ 15 ಕಿ.ಮೀ. ವೇಗದಲ್ಲಿ, ಅದಕ್ಕೆ ಸೆಕೆಂಡಿಗೆ ಒಂದು ಸಂದೇಶ ಧಾರಾಳವಾಗಿ ಸಾಕು. ನಿಧಾನದ ಗಾಡಿ ಹೇಳಬೇಕು, ವೇಗದ ಗಾಡಿ ಕೇಳಬೇಕು ಎಂಬುದು ಹೊಳೆದ ಮೇಲೆ, ಪರವಾನಗಿ ಬೇಡದ 865–868 ಮೆಗಾಹರ್ಟ್ಸ್‌ನ ಲೋರಾ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೊಗೆ ಬಂದೆ. ಟ್ರೇಲರಿನ ಪೆಟ್ಟಿಗೆ ತನ್ನ ಸ್ಥಾನ, ವೇಗ ಮತ್ತು ದಿಕ್ಕನ್ನು ಸುಮಾರು 20 ಬೈಟ್‌ನಲ್ಲಿ ಹೇಳುತ್ತದೆ. ಅದಕ್ಕೆ ತಗಲುವ ಖರ್ಚು 1,900 ರೂಪಾಯಿ. ಲಾರಿಯಲ್ಲಿ ಅದನ್ನು ಕೇಳಿ ಬಝರ್ ಕೂಗಿಸುವ ಪೆಟ್ಟಿಗೆಗೆ 3,200.

ಲಾರಿಯ 24 ವೋಲ್ಟ್ ನನಗೆ ಬೇಗನೆ ಪಾಠ ಕಲಿಸಿತು. ವೋಲ್ಟೇಜ್ ಇಳಿಸುವ ಅಗ್ಗದ ಕನ್ವರ್ಟರ್ ಹಾಕಿದ ಮೊದಲ ಆರು ಪೆಟ್ಟಿಗೆಗಳಲ್ಲಿ ನಾಲ್ಕು ಪೆಟ್ಟಿಗೆಗಳು ಒಂದು ವಾರದೊಳಗೆ ಸುಟ್ಟವು. ಆಲ್ಟರ್ನೇಟರ್ 28 ವೋಲ್ಟ್ ದಾಟಿ ಕೊಡುತ್ತದೆ, ಬ್ಯಾಟರಿ ಟರ್ಮಿನಲ್ ಸಡಿಲವಾದರೆ ಅದರ ಎಷ್ಟೋ ಪಟ್ಟು ಜಿಗಿಯುತ್ತದೆ. 60 ವೋಲ್ಟ್ ತಾಳುವ ಕನ್ವರ್ಟರನ್ನೂ ಅದರ ಮುಂದೆ ಈ ಜಿಗಿತವನ್ನು ತಡೆಯುವ ಸರ್ಜ್ ಡಯೋಡೊಂದನ್ನೂ ಹಾಕಿದ ಮೇಲೆ ಇಂದಿನವರೆಗೆ ಒಂದೂ ಸುಟ್ಟಿಲ್ಲ. ಟ್ರ್ಯಾಕ್ಟರಿನ ಮೇಲಿಟ್ಟ ಆಂಟೆನಾ ಖಾಲಿ ಟ್ರೇಲರಿದ್ದಾಗ 600 ಮೀಟರ್ ಕೇಳಿಸಿ, ಹಸಿ ಭತ್ತದ ಚೀಲ ಪೇರಿಸಿದೊಡನೆ 150ಕ್ಕೆ ಇಳಿಯಿತು. ಆದ್ದರಿಂದ ಪೆಟ್ಟಿಗೆ ಟ್ರೇಲರಿನ ಹಿಂಬದಿಗೇ ಹೋಗಬೇಕು, ಕನೆಕ್ಟರ್ ಬಿಟ್ಟು ನೇರ ಬೆಸುಗೆಯನ್ನೇ ಹಾಕಬೇಕು.

ಆದರೂ ನಿಜವಾಗಿ ನನ್ನನ್ನು ಸೋಲಿಸಿದ್ದು ಸುಳ್ಳು ಎಚ್ಚರಿಕೆ. ಮೊದಲ ಸುಗ್ಗಿಯಲ್ಲಿ ಒಂಬತ್ತು ಲಾರಿಗಳಲ್ಲಿ ನಾಲ್ಕರ ಚಾಲಕರು ಬಝರಿನ ವೈರನ್ನೇ ಕತ್ತರಿಸಿದ್ದರು. ಅವರಲ್ಲೊಬ್ಬ, "ಅಣ್ಣಾ, ಊರು ಬಂತಂದ್ರ ಸಾಕು, ಇದು ಬಾಯಿ ಮುಚ್ಚಂಗಿಲ್ಲ. ನಿದ್ದಿಗೆಟ್ಟು ಗಾಡಿ ಹೊಡಿಯೋನು ನಾನು, ಇದರ ಮಾತು ಎಷ್ಟಂತ ಕೇಳಲಿ?" ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಪಕ್ಕದ ಕಾಲುವೆ ದಾರಿಯ ಟ್ರ್ಯಾಕ್ಟರಿಗೂ ಎದುರು ಬರುವುದಕ್ಕೂ ಬಝರ್ ಕೂಗುತ್ತಿತ್ತು. ಲಾರಿಯ ದಿಕ್ಕಿಗೆ ಟ್ರೇಲರಿನ ದಿಕ್ಕು ಹೊಂದಬೇಕು, ಅದು ಮುಂದೆಯೇ ಇರಬೇಕು, ಮುಟ್ಟಲು ಎಂಟು ಸೆಕೆಂಡಿಗಿಂತ ಕಡಿಮೆ ಹೊತ್ತು ಉಳಿದಿರಬೇಕು, ಆಗ ಮಾತ್ರ ಕೂಗು ಎಂದು ಬದಲಿಸಿದೆ. ನಿಂತ ಟ್ರೇಲರಿನಲ್ಲಿ ಜಿಪಿಎಸ್ ಹೇಳುವ ದಿಕ್ಕು ಸುಮ್ಮನೆ ಸುತ್ತುತ್ತಿರುತ್ತದೆ; ವೇಗ 4 ಕಿ.ಮೀ.ಗಿಂತ ಇಳಿದೊಡನೆ ಕೊನೆಯ ದಿಕ್ಕನ್ನೇ ಹಿಡಿದಿಟ್ಟುಕೊಳ್ಳುವಂತೆ ಮಾಡಿದ್ದು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ರಸ್ತೆ ತಿರುವಿನಲ್ಲಿ ಈ ಲೆಕ್ಕ ತಪ್ಪದಂತೆ ನಾನು ಸೇರಿಸಿರುವ ಇನ್ನೊಂದು ಅಂಶವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎರಡು ಸುಗ್ಗಿಗಳು ಹೋಗಿವೆ. ಈಗ ಒಂದು ರಾತ್ರಿಗೆ ಬಝರ್ ಮೂರೋ ನಾಲ್ಕೋ ಸಲ ಕೂಗುತ್ತದೆ, ಕೂಗಿದಾಗ ಮುಂದೆ ಗಾಡಿ ಇದ್ದೇ ಇರುತ್ತದೆ.

ಮಿಲ್ಲಿನ ಗೇಟಿನಲ್ಲಿ ಬೇರೊಂದು ತೊಡಕು ಎದುರಾಯಿತು. ಒಂದು ಸಂದೇಶಕ್ಕೆ ಗಾಳಿಯಲ್ಲಿ 57 ಮಿಲಿಸೆಕೆಂಡು ಹಿಡಿದರೆ, ಸಾಲಿನಲ್ಲಿ ನಿಂತ 31 ಟ್ರೇಲರ್‌ಗಳ ಮಾತು ಒಂದು ಸೆಕೆಂಡಿನಲ್ಲಿ ಹಿಡಿಸುವುದಿಲ್ಲ, ಒಂದರ ಮೇಲೊಂದು ಬಿದ್ದು ಯಾವುದೂ ಕೇಳಿಸುವುದಿಲ್ಲ. ಅಂಗಳದೊಳಗೆ ಬಂದ ಪೆಟ್ಟಿಗೆ ನಿಮಿಷಕ್ಕೊಮ್ಮೆ ಮಾತ್ರ, ಅದೂ ಸ್ವಲ್ಪ ಹಿಂದುಮುಂದಾಗಿ, ಮಾತಾಡುವಂತೆ ಮಾಡಿದೆ. ಇದರಿಂದ ಎಣಿಸಿರದ ಲಾಭವೂ ಬಂತು. ಗೇಟಿನಲ್ಲಿ ಇನ್ನೊಂದು ಕೇಳುವ ಪೆಟ್ಟಿಗೆ ಇಟ್ಟು, ಸಾಲಿನಲ್ಲಿ ಎಷ್ಟು ಗಾಡಿ ನಿಂತಿವೆ ಎಂದು ಎಣಿಸಿ ಗದ್ದೆಯಲ್ಲಿರುವವರಿಗೆ ಫೋನಿನಲ್ಲಿ ತಿಳಿಸತೊಡಗಿದೆವು. ಮೂರು ಗಂಟೆಯಷ್ಟಿದ್ದ ಕಾಯುವಿಕೆ ಒಂದೂವರೆಗೆ ಇಳಿಯಿತು. ಇಂಜಿನ್ ಚಾಲೂ ಇಟ್ಟು ನಿಂತ ಟ್ರ್ಯಾಕ್ಟರ್ ಗಂಟೆಗೆ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ ಎಂದುಕೊಂಡರೂ ಪೆಟ್ಟಿಗೆಯ ಹಣ ಒಂದೇ ಸುಗ್ಗಿಯಲ್ಲಿ ಹೆಚ್ಚುಕಡಿಮೆ ಹುಟ್ಟಿತು. "ಇದು ಮಕ್ಕಳ ಆಟಿಕೆ" ಎಂದಿದ್ದ ಸಾಹುಕಾರರು ಉಳಿದ ಹದಿನೆಂಟು ಟ್ರೇಲರ್‌ಗಳಿಗೆ ಹಣ ಕೊಟ್ಟದ್ದು ಡೀಸೆಲ್ ಲೆಕ್ಕ ನೋಡಿಯೇ. ಅಪಘಾತ ತಪ್ಪುತ್ತದೆ ಎಂದು ನಾನು ಹೇಳಿದ್ದನ್ನು ಅದುವರೆಗೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಕಳೆದ ಹಿಂಗಾರಿನಲ್ಲಿ, ಕಾರಟಗಿಯ ಆಚೆ, ಟಯರ್ ಪಂಕ್ಚರ್ ಆದ ಟ್ರೇಲರೊಂದು ಮಂಜಿನಲ್ಲಿ ಅರ್ಧ ರಸ್ತೆಯ ಮೇಲೆ ನಿಂತಿತ್ತು. ಲಾರಿಯ ಪೆಟ್ಟಿಗೆಯಲ್ಲಿ ಉಳಿದ ದಾಖಲೆಯನ್ನು ಮರುದಿನ ತೆಗೆದು ನೋಡಿದೆ: ಬಝರ್ ಕೂಗಿದಾಗ ವೇಗ 52, ಅಂತರ 112 ಮೀಟರ್, ಲಾರಿ ನಿಂತಾಗ ಅಂತರ 30 ಮೀಟರಿನ ಆಸುಪಾಸು. ಆ ಲಾರಿಯನ್ನು ಓಡಿಸುತ್ತಿದ್ದವನು ಮೊದಲ ವರ್ಷ ವೈರು ಕತ್ತರಿಸಿದವನೇ. ಅದೇ ವಾರ ಅವನು ತನ್ನ ಮಾವನ ಟ್ರೇಲರನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿ, ಪೆಟ್ಟಿಗೆಗೆ ಮುಂಗಡ ಐನೂರು ರೂಪಾಯಿ ಕೊಟ್ಟುಹೋದ.