ಮುಧೋಳದ ಎರಡು ಮರಿಗಳಿಗೆ ಮನೆ ಸಜ್ಜು: ಏನು ಕೊಂಡೆ, ಏನು ಬಿಟ್ಟೆ

ನಾಯಿ ಸಾಮಾನಿನ ಅಂಗಡಿಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮೆತ್ತನೆಯ ಹಾಸಿಗೆ, ಒತ್ತಿದರೆ ಕೀಚ್ ಎನ್ನುವ ಆಟಿಕೆ, ಘಮಘಮ ಶಾಂಪೂ. ಮೊದಲ ತಿಂಗಳಿಗೆ ಈ ಮೂರೂ ಬೇಕಿಲ್ಲ. ನಾನು ದುಡ್ಡು ಹಾಕುವ ಕ್ರಮ ಬೇರೆ: ಮೊದಲು ಬೇಲಿ, ಆಮೇಲೆ ನೆಲ, ಆಮೇಲೆ ತೊಳೆಯುವ ಸಾಮಾನು, ಆಮೇಲೆ ಊಟದ್ದು ಮತ್ತು ಕೊರಳಿನದು. ಆಟಿಕೆಗೆ ಉಳಿದಷ್ಟು. ಎಂಟು ವಾರದ ಮರಿಗೆ ಅಪಾಯ ಬರುವುದು ಜಾರಿಯೋ, ಏನಾದರೂ ನುಂಗಿಯೋ, ಸೋಂಕು ತಗುಲಿಯೋ. ಹಾಸಿಗೆ ಮೆತ್ತಗಿಲ್ಲವೆಂದು ಯಾವ ಮರಿಯೂ ಆಸ್ಪತ್ರೆ ಸೇರುವುದಿಲ್ಲ.

ಇಲ್ಲಿರುವ ಅಳತೆಗಳೆಲ್ಲ ಧಾರವಾಡದ ಒಂದು ಟೈಲ್ಸ್ ನೆಲದ ಮನೆಗೆ, ಒಟ್ಟಿಗೆ ತಂದ ಎರಡು ಮುಧೋಳ ಮರಿಗಳಿಗೆ ಹೊಂದುವಂಥವು. ಉದ್ದ ಕಾಲು, ತೆಳು ಚರ್ಮ, ಕೊಬ್ಬಿಲ್ಲದ ಮೈ, ಕೊರಳಿಗಿಂತ ಕಿರಿದಾದ ತಲೆ ಈ ತಳಿಯ ಲಕ್ಷಣ. ಬೆಳೆದು ನಿಂತ ಗಂಡುನಾಯಿಯ ಭುಜದೆತ್ತರ ಸುಮಾರು 70 ಸೆಂ.ಮೀ. ನಿಮ್ಮದು ಬೀದಿಯಿಂದ ತಂದ ಮರಿಯೋ ಲ್ಯಾಬ್ರಡಾರೋ ಆಗಿದ್ದರೆ ಬೆಲ್ಟ್ ಮತ್ತು ಪಂಜರದ ಅಳತೆ ಬದಲಾಗುತ್ತದೆ, ಉಳಿದದ್ದು ಹಾಗೇ ನಡೆಯುತ್ತದೆ.

ಮರಿ ಎತ್ತಿಕೊಳ್ಳುವ ವಯಸ್ಸಿನ ಬಗ್ಗೆ ಒಂದು ಮಾತು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮವೇ ಇದೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ತೆಗೆದುಕೊಂಡರೂ ಸರಿ, ಮುಧೋಳ, ಲೋಕಾಪುರ ಕಡೆಯ ಸಾಕಣೆದಾರರಲ್ಲಿ ತೆಗೆದುಕೊಂಡರೂ ಸರಿ, ಎಂಟು ವಾರಕ್ಕೆ ಮೊದಲು ಎತ್ತಬೇಡಿ. ಲಸಿಕೆ ಕಾರ್ಡಿನಲ್ಲಿ ಪೆನ್ನಿನಲ್ಲಿ ಬರೆದ ತಾರೀಖಿನ ಜೊತೆಗೆ ಲಸಿಕೆ ಬಾಟಲಿಯ ಮೇಲಿನ ಚೀಟಿಯೂ ಅಂಟಿಸಿರಬೇಕು. ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಅದರಲ್ಲಿರುತ್ತದೆ. ಚೀಟಿ ಇಲ್ಲದಿದ್ದರೆ ನಾನು ಲಸಿಕೆ ಆಗಿಲ್ಲವೆಂದೇ ಹಿಡಿದು ನಮ್ಮ ಪಶುವೈದ್ಯರ ಬಳಿ ಹೊಸದಾಗಿ ಶುರುಮಾಡಿಸುತ್ತೇನೆ.

ಬೇಲಿ

ಅಂಗಡಿಯಲ್ಲಿ ಸಿಗುವ ಮಡಚುವ ತಂತಿಬೇಲಿ ಹಗುರ. ಎರಡು ಮರಿ ಸೇರಿ ಒಂದು ಮೂಲೆಗೆ ಒರಗಿದರೆ ಬೇಲಿಯೇ ಜರುಗುತ್ತದೆ. ಅದೇ ದುಡ್ಡಿಗೆ ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿಯಾದದ್ದನ್ನು ಮಾಡಿಸಬಹುದು. ನಾನು ಕೊಡುವ ಲೆಕ್ಕ: ಎರಡೂವರೆ ಅಡಿ ಅಗಲ, ಮೂರು ಅಡಿ ಎತ್ತರದ ಎಂಟು ಚೌಕಟ್ಟು. ಒಂದೊಂದು ಬದಿಗೆ ಎರಡರಂತೆ ನಿಲ್ಲಿಸಿದರೆ ಒಳಗೆ ಐದಕ್ಕೆ ಐದು ಅಡಿ ಜಾಗ ಸಿಗುತ್ತದೆ, ಎರಡು ಮರಿಗೆ ಮೂರೂವರೆ ತಿಂಗಳವರೆಗೆ ಸಾಕು. ಮುಕ್ಕಾಲು ಇಂಚಿನ ಚೌಕ ಪೈಪು, ಅದಕ್ಕೆ ಒಂದು ಇಂಚು ಕಣ್ಣಿನ ವೆಲ್ಡ್ ಜಾಲರಿ. ಎರಡು ಇಂಚಿನ ಕಣ್ಣು ಬೇಡವೇ ಬೇಡ. ಮುಧೋಳದ ಮೂತಿ ಉದ್ದ, ಸಪೂರ. ಒಳಗೆ ತೂರಿ ಕೆಳದವಡೆ ತಂತಿಗೆ ಸಿಕ್ಕಿಕೊಳ್ಳುತ್ತದೆ, ಗಾಬರಿಯಲ್ಲಿ ಎಳೆದರೆ ಹಲ್ಲು ಕೀಳುತ್ತದೆ. ನೆಲಕ್ಕೂ ಚೌಕಟ್ಟಿಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಸಂದು ಬಿಡಬಾರದು. ಒಂದು ಚೌಕಟ್ಟಿಗೆ ಬಾಗಿಲು, ಚಿಲಕ ಹೊರಬದಿಗೆ.

ವೆಲ್ಡಿಂಗಿನವರು ಬೇಲಿ ತಂದಿಳಿಸಿದ ತಕ್ಷಣ ದುಡ್ಡು ಕೊಟ್ಟು ಕಳಿಸಬೇಡಿ. ಹಳೆಯ ನೈಲಾನ್ ಸೀರೆಯ ತುಂಡೊಂದನ್ನು ಕೈಗೆ ಸುತ್ತಿಕೊಂಡು ಪ್ರತಿ ಚೌಕಟ್ಟಿನ ಒಳಬದಿ, ಜಾಲರಿಯ ಅಂಚು, ಬೆಸುಗೆ ಹಾಕಿದ ಜಾಗದ ಮೇಲೆಲ್ಲ ಸವರಿ. ಬಟ್ಟೆ ಎಲ್ಲಿ ಎಳೆದು ಹಿಡಿಯುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಗ್ರೈಂಡಿಂಗ್ ಮಾಡಿಸಿ. ಜಾಲರಿಯ ಕತ್ತರಿಸಿದ ತುದಿಗಳ ಮೇಲೆ ಒಂದು ತೆಳು ಪಟ್ಟಿ ಬೆಸೆಸಿದರೆ ಇನ್ನೂ ಒಳ್ಳೆಯದು. ಈ ತಳಿಯ ಚರ್ಮ ಎಷ್ಟು ತೆಳುವೆಂದರೆ ಬೇರೆ ನಾಯಿಗೆ ಗೀರು ಬೀಳುವ ಕಡೆ ಇದಕ್ಕೆ ಹೊಲಿಗೆ ಹಾಕಿಸಬೇಕಾಗುತ್ತದೆ. ಬಣ್ಣ ಸೀಸವಿಲ್ಲದ್ದಾಗಿರಲಿ, ಮರಿ ಬರುವುದಕ್ಕೆ ಕನಿಷ್ಠ ಒಂದು ವಾರ ಮುಂಚೆ ಒಣಗಿರಲಿ. ವಾಸನೆ ಹೋಗದ ಬಣ್ಣವನ್ನು ಮರಿ ಖಂಡಿತ ನೆಕ್ಕುತ್ತದೆ.

ನಾಲ್ಕು ತಿಂಗಳು ಸಮೀಪಿಸಿದರೆ ಮೂರಡಿ ಬೇಲಿ ಮುಧೋಳಕ್ಕೆ ಬೇಲಿಯೇ ಅಲ್ಲ, ಹಾರಿ ಆಚೆ ನಿಲ್ಲುತ್ತದೆ. ಆಗ ಚೌಕಟ್ಟು ಬಿಚ್ಚಿ ಅಡುಗೆಮನೆಯ ಬಾಗಿಲಿಗೆ ಒಂದು, ಮೆಟ್ಟಿಲ ಬುಡಕ್ಕೊಂದು ಕೂರಿಸಬಹುದು. ಚೌಕಟ್ಟುಗಳನ್ನು ಒಂದಕ್ಕೊಂದು ಬೆಸೆಯದೆ ನಟ್ಟು ಬೋಲ್ಟಿನಿಂದ ಜೋಡಿಸಲು ವೆಲ್ಡಿಂಗಿನವರಿಗೆ ಹೇಳುವುದು ಇದಕ್ಕಾಗಿಯೇ.

ಬಾಲ್ಕನಿಯ ಗ್ರಿಲ್ಲಿನ ಸಂದು ನಾಲ್ಕು ಇಂಚಿದ್ದರೆ ಮರಿ ನುಸುಳಿ ಬೀಳುತ್ತದೆ. ಕೆಳಗಿನ ಎರಡೂವರೆ ಅಡಿಗೆ ಪ್ಲಾಸ್ಟಿಕ್ ಲೇಪದ ಜಾಲರಿ ಹಾಕಿ, ಅಂಗೈ ಅಗಲಕ್ಕೊಂದರಂತೆ ಕೇಬಲ್ ಟೈ ಬಿಗಿಯಿರಿ. ಅಂಗಳದಲ್ಲಿ ಕಣಗಿಲೆ ಗಿಡ ಇದ್ದರೆ ಅದಕ್ಕೂ ಬೇಲಿ ಬೇಕು. ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಇಲಿ ಪಾಷಾಣವನ್ನು ಅಟ್ಟದ ಮೇಲಿಂದಲೂ ತೆಗೆದುಬಿಡಿ, ಏಕೆಂದರೆ ಇಲಿ ಅದನ್ನು ಎಳೆದು ಕೆಳಗೆ ಬೀಳಿಸುತ್ತದೆ.

ನೆಲ ಮತ್ತು ಮಲಗುವ ಜಾಗ

ನುಣುಪು ಟೈಲ್ಸ್ ಮೇಲೆ ಉದ್ದಕಾಲಿನ ಮರಿಯ ಹಿಂಗಾಲು ಎರಡು ಬದಿಗೆ ಸರಿಯುತ್ತಿರುತ್ತದೆ. ಬೆಳೆಯುವ ಕೀಲುಗಳಿಗೆ ಇದು ಒಳ್ಳೆಯದಲ್ಲ. ಜಮಖಾನೆ ಹಾಸಿದರೆ ಜಮಖಾನೆಯೇ ಜಾರುತ್ತದೆ. ಒಂದಕ್ಕೊಂದು ಸಿಕ್ಕಿಸುವ ಫೋಮ್ ಚಾಪೆಯ ಹಲ್ಲುಗಳು ಎರಡೇ ದಿನಕ್ಕೆ ಮರಿಯ ಹೊಟ್ಟೆಯಲ್ಲಿರುತ್ತವೆ, ಜೋಡಣೆಯ ಸಂದಿನಲ್ಲಿ ಮೂತ್ರ ಇಳಿದು ಕೆಳಗೆ ನಾರುತ್ತದೆ. ನಾನು ಹಾಸುವುದು ಆರಕ್ಕೆ ಆರು ಅಡಿಯ ಒಂದೇ ತುಂಡು ವಿನೈಲ್ ಶೀಟು, ಬೇಲಿಯಿಂದಾಚೆ ಅರ್ಧ ಅಡಿ ಚಾಚುವ ಹಾಗೆ. ಅದರ ಮೇಲೆ ಅರ್ಧ ಭಾಗಕ್ಕೆ ಗೆರೆಗೆರೆ ಇರುವ ರಬ್ಬರ್ ಮ್ಯಾಟ್. ಬೇಲಿಯಿಂದ ಊಟದ ಜಾಗಕ್ಕೆ, ಅಂಗಳದ ಬಾಗಿಲಿಗೆ ಹೋಗುವ ದಾರಿಗೂ ಅದೇ ಮ್ಯಾಟಿನ ಪಟ್ಟಿ.

ಮಲಗುವುದಕ್ಕೆ ಎರಡು ಪಂಜರ, ಒಂದರಲ್ಲೇ ಎರಡೂ ಮರಿ ಅಲ್ಲ. ಒಟ್ಟಿಗೆ ಮಲಗಿಸಿ ರೂಢಿಯಾದರೆ ಒಂದನ್ನು ಆಸ್ಪತ್ರೆಗೆ ಒಯ್ದ ದಿನ ಇನ್ನೊಂದು ಓಣಿಗೆಲ್ಲ ಕೇಳುವಂತೆ ಊಳಿಡುತ್ತದೆ. ಪಂಜರಗಳನ್ನು ಪಕ್ಕಪಕ್ಕ ಇಟ್ಟರೆ ವಾಸನೆ, ಸದ್ದು ಎರಡೂ ಸಿಗುತ್ತದೆ, ಆಸರೆಗೆ ಅಷ್ಟು ಸಾಕು. ನಡುವೆ ತಡೆ ಹಾಕಬಹುದಾದ 36 ಇಂಚಿನ ಪಂಜರ ಕೊಳ್ಳುತ್ತೇನೆ. ಬೆಳೆದ ಮುಧೋಳಕ್ಕೆ 48 ಇಂಚು ಬೇಕು, ಆದರೆ ಅಷ್ಟರಲ್ಲಿ ಪಂಜರದ ಅಗತ್ಯವೇ ಉಳಿದಿರುವುದಿಲ್ಲ. ತಡೆಯನ್ನು ಮರಿ ನಿಂತು, ತಿರುಗಿ, ಕಾಲು ಚಾಚುವಷ್ಟಕ್ಕೆ ಇಡಿ. ಜಾಗ ಹೆಚ್ಚಾದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಕಕ್ಕಸಿಗೆ ಎಂದು ಮರಿಯೇ ಹಂಚಿಕೊಳ್ಳುತ್ತದೆ. ಒಳಗೆ ಹಾಸಲು ಹಳೆಯ ಕೌದಿಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಇಲ್ಲ. ಪದರ ಪದರ ಹತ್ತಿ ಬಟ್ಟೆ, ಒತ್ತಾದ ಹೊಲಿಗೆ, ಕಿತ್ತರೂ ಒಳಗಿಂದ ಅರಳೆ ಬರುವುದಿಲ್ಲ, ಬಿಸಿನೀರಿಗೆ ಹಾಕಿ ಒಗೆಯಬಹುದು. ಮರಿಗೆ ಎರಡರಂತೆ ನಾಲ್ಕು ಬೇಕು, ಮಳೆಗಾಲದಲ್ಲಿ ಒಣಗುವುದಿಲ್ಲವಾದ್ದರಿಂದ ಆರು. ಚಳಿಗೆ ಬಿಸಿನೀರಿನ ರಬ್ಬರ್ ಚೀಲವನ್ನು ಎರಡು ಸುತ್ತು ಟವೆಲ್ಲಿನಲ್ಲಿ ಸುತ್ತಿ ಪಂಜರದ ಒಂದೇ ತುದಿಗೆ ಇಡಿ. ಬಿಸಿ ಹೆಚ್ಚೆನಿಸಿದರೆ ಮರಿ ಆಚೆ ತುದಿಗೆ ಸರಿಯಲು ಜಾಗವಿರಬೇಕು.

ತೊಳೆಯುವ ಸಾಮಾನು

ಫಿನಾಯಿಲ್ ಹಾಕಿದರೆ ಎಲ್ಲ ಶುದ್ಧ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಮರಿಗಳಿಗೆ ವಾಂತಿಭೇದಿ ತಂದು ಕೊಲ್ಲುವ ಪಾರ್ವೋ ವೈರಸ್ ಅದಕ್ಕೆ ಜಗ್ಗುವುದಿಲ್ಲ, ಮರಿಯ ಪಾದಕ್ಕೂ ನಾಲಿಗೆಗೂ ಅದು ಒಳ್ಳೆಯದಲ್ಲ. ಪಾರ್ವೋ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ಅದಕ್ಕೆ ಮದ್ದು ಸಾದಾ ಬಿಳಿ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. 4% ಎಂದು ಬರೆದಿರುವ ಬಾಟಲಿಯಾದರೆ ಒಂದು ಲೀಟರ್ ನೀರಿಗೆ 40 ಮಿ.ಲೀ. ಮೊದಲು ಹೊಲಸು ತೆಗೆದು ಸೋಪುನೀರಿನಲ್ಲಿ ತೊಳೆಯಬೇಕು. ಹೊಲಸಿನ ಮೇಲೆ ಸುರಿದ ಬ್ಲೀಚ್ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಮೂತ್ರದ ಮೇಲೆ ಸುರಿದರೆ ಕಣ್ಣುರಿಯುವ ಗಾಳಿ ಬೇರೆ. ಹತ್ತು ನಿಮಿಷ ನೆಲ ತೇವವಾಗಿರಲಿ, ಆಮೇಲೆ ಬರೀ ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಮರಿ ಬಿಡಿ. ದ್ರಾವಣ ದಿನದಿನಕ್ಕೆ ಹೊಸದಾಗಿರಬೇಕು. ಟಾಯ್ಲೆಟ್ ಆಸಿಡ್ ಜೊತೆ ಎಂದೂ ಬೆರೆಸಬಾರದು. ಹಿಂದಿನ ವರ್ಷ ನಾಯಿಮರಿ ಭೇದಿಯಿಂದ ಸತ್ತ ಮನೆಯಾದರೆ ಹೊಸ ಮರಿಗೆ ಲಸಿಕೆಗಳ ಸರಣಿ ಮುಗಿಯುವ ತನಕ ಅಂಗಳದ ಮಣ್ಣಿಗೆ ಇಳಿಸಬೇಡಿ. ಮಣ್ಣನ್ನು ಬ್ಲೀಚ್ ಮಾಡಲಾಗುವುದಿಲ್ಲ.

ಮೂತ್ರದ ವಾಸನೆ ತೆಗೆಯಲು ಕಿಣ್ವದ (ಎಂಜೈಮ್) ಕ್ಲೀನರ್ ಒಂದು ಲೀಟರ್ ಇರಲಿ. ಮನುಷ್ಯರ ಮೂಗಿಗೆ ಹೋದ ವಾಸನೆ ನಾಯಿಯ ಮೂಗಿಗೆ ಉಳಿದಿರುತ್ತದೆ, ಮರಿ ಮತ್ತೆ ಅಲ್ಲೇ ಕೂರುತ್ತದೆ. ದುಬಾರಿ ಪ್ಯಾಡುಗಳು ಎರಡು ಮರಿಗಳ ನಡುವೆ ಎಳೆದಾಟದ ಸಾಮಾನಾಗುತ್ತವೆ, ಒಳಗಿನ ಹೀರುವ ಪುಡಿ ಹೊಟ್ಟೆಗೆ ಹೋಗುತ್ತದೆ. ಹಳೆಯ ಪತ್ರಿಕೆ ಆರೇಳು ಹಾಳೆ ದಪ್ಪಕ್ಕೆ ಹಾಸಿ, ಬದಲಿಸುವಾಗ ಸ್ವಲ್ಪ ತೇವವಾದ ಒಂದು ಹಾಳೆಯನ್ನು ಅಡಿಗೆ ಉಳಿಸಿ. ಜಾಗ ಗುರುತು ಹಿಡಿಯಲು ಅದೇ ಸಾಕು. ನಿದ್ದೆಯಿಂದ ಎದ್ದಾಗ, ಉಂಡಾದ ಮೇಲೆ, ಆಟ ನಿಂತಾಗ, ಅದಲ್ಲದೆ ಹಗಲಿನಲ್ಲಿ ಎರಡು ತಾಸಿಗೊಮ್ಮೆ ಎತ್ತಿ ಅಲ್ಲಿಗೆ ಬಿಡಬೇಕು. ಇದಕ್ಕೆ ಬದಲಾಗುವ ಸಾಮಾನನ್ನು ಇನ್ನೂ ಯಾರೂ ಮಾಡಿಲ್ಲ.

ಊಟದ್ದು

ಸ್ಟೀಲ್ ಬಟ್ಟಲು ನಾಲ್ಕು, ಬುಡ ಅಗಲ, ಅಂಚು ಒಳಕ್ಕೆ ಮಡಚಿರಬೇಕು. ಪ್ಲಾಸ್ಟಿಕ್ ಬೇಡ, ಕಚ್ಚಿದ ಗೀರುಗಳಲ್ಲಿ ಜಿಡ್ಡು ಕೂರುತ್ತದೆ. ಬುಡಕ್ಕೆ ರಬ್ಬರ್ ಬಳೆ ಇರುವ ಬಟ್ಟಲು ಜಾರುವುದಿಲ್ಲ ನಿಜ, ಆದರೆ ಬಳೆ ಕೈಯಲ್ಲಿ ಎಳೆದರೆ ಬಿಚ್ಚಿ ಬಂದರೆ ಮರಿಯ ಬಾಯಿಗೂ ಬರುತ್ತದೆ. ಅಂಗಡಿಯಲ್ಲೇ ಎಳೆದು ನೋಡಿ. ಎರಡು ಮರಿಗೆ ಊಟ ಎರಡು ಪಂಜರಗಳಲ್ಲಿ, ಬಾಗಿಲು ಹಾಕಿ. ಯಾವುದು ಎಷ್ಟು ಉಂಡಿತು, ಯಾವುದು ಬಿಟ್ಟಿತು ಎಂಬುದು ಗೊತ್ತಾಗುವುದು ಹಾಗೆ ಮಾತ್ರ. ಊಟ ಬಿಡುವುದೇ ರೋಗದ ಮೊದಲ ಸುಳಿವು.

ಮರಿಗಳು ಅಲ್ಲಿ ಉಣ್ಣುತ್ತಿದ್ದುದನ್ನೇ ಮೊದಲ ಎರಡು ಮೂರು ದಿನ ಕೊಡುತ್ತೇನೆ. ಮುಧೋಳ ಕಡೆ ಜೋಳದ ನುಚ್ಚು, ರೊಟ್ಟಿ, ಹಾಲು ಸಾಮಾನ್ಯ. ಆಮೇಲೆ ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು ಎಂದು ಒಂದು ವಾರದಲ್ಲಿ ಪಪ್ಪಿ ಆಹಾರಕ್ಕೆ ತಿರುಗಿಸಬೇಕು. ದಿನಕ್ಕೆ ನಾಲ್ಕು ಸಲ, ಮೂರು ತಿಂಗಳಾದ ಮೇಲೆ ಮೂರು ಸಲ. ಹಸುವಿನ ಹಾಲನ್ನು ಬಟ್ಟಲು ತುಂಬ ಸುರಿದರೆ ಭೇದಿ, ಬದಲಿಗೆ ಮೊಸರು ಒಂದೆರಡು ಚಮಚ ಸಾಕು. ಪೊಟ್ಟಣದ ಪಪ್ಪಿ ಆಹಾರವೇ ಮುಖ್ಯ ಊಟವಾದರೆ ಕ್ಯಾಲ್ಸಿಯಂ ಸಿರಪ್ ಸೇರಿಸಬೇಡಿ. ದೊಡ್ಡದಾಗಿ ಬೆಳೆಯುವ ಮರಿಗೆ ಕ್ಯಾಲ್ಸಿಯಂ ಅತಿಯಾದರೂ ಮೂಳೆ ಕೆಡುತ್ತದೆ. ಮನೆಯಲ್ಲೇ ಅನ್ನ, ಮೂಳೆ ತೆಗೆದ ಕೋಳಿಮಾಂಸ ಕೊಡುವವರಿಗೆ ಲೆಕ್ಕ ತಿರುಗುಮುರುಗು, ಅದರಲ್ಲಿ ಕ್ಯಾಲ್ಸಿಯಂ ಸಾಲದು. ಎಷ್ಟು ಹಾಕಬೇಕೆಂಬುದನ್ನು ವೈದ್ಯರು ತೂಕ ನೋಡಿ ಹೇಳಬೇಕು. ಬೇಯಿಸಿದ ಮೂಳೆ, ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೊಡಕೂಡದು. ಪಾಯಸದ ಪಾತ್ರೆ ನೆಕ್ಕಲು ಇಡುವ ಮನೆಗಳಲ್ಲಿ ಒಣದ್ರಾಕ್ಷಿಯ ನೆನಪಿರಲಿ.

ಅಗ್ಗವೆಂದು 10 ಕೆ.ಜಿ. ಚೀಲ ಕೊಳ್ಳಬೇಡಿ. ತೆರೆದ ಚೀಲದ ಕೊಬ್ಬು ಕಮಟಾಗುತ್ತದೆ, ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಒಂದು ತಿಂಗಳೊಳಗೆ ಮುಗಿಯುವಷ್ಟು ತಂದು, ಚೀಲದ ಸಮೇತ ಡಬ್ಬಿಯಲ್ಲಿಡಿ.

ಬೆಲ್ಟು, ಚೈನು

ಹಳ್ಳಿ ಕಡೆ ಮರಿ ಬಂದ ದಿನವೇ ಕಬ್ಬಿಣದ ಚೈನು ಹಾಕುತ್ತಾರೆ. ಆ ಭಾರ ಎಳೆಗತ್ತಿಗೆ ಬೇಡ. 15 ಮಿ.ಮೀ. ಅಗಲದ ಚಪ್ಪಟೆ ನೈಲಾನ್ ಬೆಲ್ಟ್, ಹಾಕಿದ ಮೇಲೆ ಎರಡು ಬೆರಳು ಒಳಗೆ ತೂರುವಷ್ಟು ಸಡಿಲ. ಮರಿ ಬೇಗ ಬೆಳೆಯುತ್ತದೆ, ವಾರಕ್ಕೊಮ್ಮೆ ಬೆರಳು ತೂರಿಸಿ ನೋಡಿ. ಪಂಜರದೊಳಗೆ ಬಿಡುವಾಗ, ಎರಡೂ ಕುಸ್ತಿಗೆ ಬಿದ್ದಾಗ ಬೆಲ್ಟ್ ತೆಗೆದಿರಬೇಕು. ಒಂದರ ದವಡೆ ಇನ್ನೊಂದರ ಬೆಲ್ಟಿಗೆ ಸಿಕ್ಕಿ ತಿರುಚಿಕೊಂಡರೆ ಎರಡೂ ಉಸಿರುಗಟ್ಟುತ್ತವೆ. ತಲೆ ಕಿರಿದಾದ್ದರಿಂದ ಸಾದಾ ಬೆಲ್ಟಿನಿಂದ ಮುಧೋಳ ಹಿಂದಕ್ಕೆ ಸರಿದು ಸಲೀಸಾಗಿ ಕಳಚಿಕೊಳ್ಳುತ್ತದೆ. ರಸ್ತೆಗೆ ಇಳಿಸುವ ಹೊತ್ತಿಗೆ ಎಳೆದಾಗ ಒಂದು ಮಿತಿಯವರೆಗೆ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟ್ ತರಿಸಿ. ಚರ್ಮದ ಎದೆಪಟ್ಟಿ ಈಗಲೇ ಕೊಳ್ಳಬೇಡಿ, ತಿಂಗಳಿಗೊಂದು ಬೇಕಾಗುತ್ತದೆ.

ಔಷಧದ ಡಬ್ಬಿ

ಡಿಜಿಟಲ್ ಥರ್ಮಾಮೀಟರ್ (ಗುದದಲ್ಲಿ ನೋಡಬೇಕು, ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್), ಪೊವಿಡೋನ್ ಅಯೋಡಿನ್, ಹತ್ತಿ, ಸೂಜಿ ಇಲ್ಲದ 5 ಮಿ.ಲೀ. ಸಿರಿಂಜು ಎರಡು, ಚೂಪು ತುದಿಯ ಚಿಮಟ. ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ದನದ ಉಣ್ಣಿಗೆ ಹಾಕುವ ಔಷಧವನ್ನು ನೀರು ಬೆರೆಸಿ ಮರಿಗೆ ಸವರುವುದು ನಮ್ಮಲ್ಲಿ ಬಹಳ. ಅಳತೆ ತಪ್ಪಿದರೆ ಮರಿ ನಡುಗುತ್ತ ಜೊಲ್ಲು ಸುರಿಸಿ ಬೀಳುತ್ತದೆ. ಮರಿಯ ವಯಸ್ಸಿಗೆ ಹೊಂದುವ ಉಣ್ಣಿ ಔಷಧವನ್ನು ವೈದ್ಯರೇ ಬರೆದುಕೊಡಲಿ. ಜ್ವರಕ್ಕೆಂದು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನೀವಾಗಿ ಕೊಡಬೇಡಿ.

ಆಟಿಕೆ ಎರಡು ಮೂರು ಸಾಕು, ಮರಿಯ ಬಾಯಿಗಿಂತ ದೊಡ್ಡವು. ರಬ್ಬರಿನದಾದರೆ ಉಗುರು ಒತ್ತಿದಾಗ ಸ್ವಲ್ಪ ತಗ್ಗಬೇಕು, ತಗ್ಗದಷ್ಟು ಗಟ್ಟಿಯಾದದ್ದು ಹಲ್ಲು ಮುರಿಯುತ್ತದೆ. ಹಗ್ಗದ ಆಟಿಕೆಯ ಎಳೆ ಬಿಚ್ಚಿದ ದಿನವೇ ಎಸೆಯಿರಿ. ನುಂಗಿದ ದಾರ ಕರುಳನ್ನು ನೆರಿಗೆ ಕಟ್ಟಿ ಕುಯ್ಯುತ್ತದೆ.

ಇಷ್ಟರ ಮೇಲೆ ಕೊಳ್ಳಲೇಬೇಕಾದದ್ದು ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿ. ಮರಿಯನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ತೂಗಿ, ಚೀಲದ ತೂಕ ಕಳೆದು, ಲಸಿಕೆ ಕಾರ್ಡಿನ ಹಿಂಬದಿಯಲ್ಲೇ ಬರೆಯುತ್ತೇನೆ. ಪ್ರತಿ ಭಾನುವಾರ, ಬೆಳಗಿನ ಊಟಕ್ಕೆ ಮೊದಲು. ಜಂತುಹುಳದ ಔಷಧ ಆ ದಿನದ ತೂಕಕ್ಕೆ ತಕ್ಕಂತೆ ಹಾಕಬೇಕು. ಎರಡು ಮರಿಗಳಲ್ಲಿ ಒಂದರ ತೂಕ ಒಂದು ವಾರ ಏರದೆ ನಿಂತರೆ ಮಲದ ಪರೀಕ್ಷೆಗೆ ಡಬ್ಬಿ ತೆಗೆದುಕೊಂಡು ಹೊರಡಬೇಕು.